ಹಿಟ್ಟು ಮುಟ್ಟಬಾರದು

ಗಡಿಯಾರ ರಿಪೇರಿಯವನ ಹೆಂಡತಿ ತೀರಿಕೊಂಡು ಏಳು ತಿಂಗಳಾಗಿತ್ತು. ಈ ಏಳು ತಿಂಗಳಲ್ಲಿ ಅವನು ಒಂದು ದಿನವೂ ಅಂಗಡಿಯನ್ನು ತಡವಾಗಿ ತೆರೆದಿರಲಿಲ್ಲ, ಒಂದು ಹೊತ್ತೂ ಊಟ ಬಿಟ್ಟಿರಲಿಲ್ಲ, ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ. ನೆಂಟರು ಅದನ್ನು ಧೈರ್ಯ ಎಂದರು. ಎದುರು ಮನೆಯವರು ಕಲ್ಲುಮನಸ್ಸು ಎಂದರು. ಎರಡೂ ಸುಳ್ಳು. ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೆ. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆ ಯಾರದೋ ಕಾಲು ಚಿವುಟಿದ ಹಾಗೆ ಇರುತ್ತದಲ್ಲ, ಹಾಗೆ ಅವನಿಗೆ ಮೈಮನಸ್ಸೆಲ್ಲ ಜೋಮು ಹಿಡಿದಿತ್ತು.

ಹೆಂಡತಿ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದಳು. ಇಪ್ಪತ್ತು ವರ್ಷ ಮಾತ್ರೆಯ ಪೊಟ್ಟಣಗಳ ಮೇಲೆ 'ಊಟದ ನಂತರ', 'ಅಲ್ಲಾಡಿಸಿ ಕುಡಿಯಿರಿ' ಎಂದು ಚೀಟಿ ಬರೆದು ಅಂಟಿಸಿ ಅಂಟಿಸಿ, ಬರೆದಿಡದಿದ್ದರೆ ಲೋಕ ನಡೆಯುವುದೇ ಇಲ್ಲ ಎಂಬ ನಂಬಿಕೆ ಅವಳಿಗೆ ಬಂದುಬಿಟ್ಟಿತ್ತು. ಜೊತೆಯವರು ಅವಳನ್ನು ಚೀಟಿಯಮ್ಮ ಎಂದೇ ಕರೆಯುತ್ತಿದ್ದರು. ಮನೆಯಲ್ಲೂ ಅದೇ ಚಾಳಿ. ಉಪ್ಪಿನ ಡಬ್ಬಿಯ ಮೇಲೆ 'ಇದು ಸಕ್ಕರೆ ಅಲ್ಲ, ಮೂರನೇ ಸಲ ಹೇಳುತ್ತಿದ್ದೇನೆ'. ಗಂಡನ ಕೊಡೆಯ ಹಿಡಿಕೆಗೆ 'ಎಲ್ಲೋ ಬಿಟ್ಟು ಬರುವ ಮುನ್ನ ಒಮ್ಮೆ ನೆನೆಸಿಕೊಳ್ಳಿ'. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಚೀಟಿ ಬರೆಯುತ್ತಾ, ಯಾಕೋ ತಲೆನೋವು ಎಂದು ಸ್ಟೂಲಿನ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ.

ಈಗ ಮನೆಯಲ್ಲಿ ಉಳಿದವರು ಇಬ್ಬರು, ಅವನು ಮತ್ತು ಅವನ ಅತ್ತೆ. ಹೆಂಡತಿಯ ತಾಯಿ ಆರು ವರ್ಷದಿಂದ ಇವರ ಜೊತೆಗೇ ಇದ್ದರು. ದೊಡ್ಡದೊಂದು ಹಾಸ್ಟೆಲಿನ ಉಗ್ರಾಣ ನೋಡಿಕೊಂಡು ನಿವೃತ್ತರಾದ ಹೆಂಗಸು, ಮೂಟೆ ಬಿಚ್ಚದೆಯೇ ಒಳಗೆ ಹುಳ ಬಿದ್ದಿದೆಯೋ ಇಲ್ಲವೋ ಹೇಳಬಲ್ಲವರು. 'ಅಳಿಯ ಅಲ್ಲ, ಮಗಳ ಗಂಡ' ಎಂಬ ಗಾದೆಯನ್ನು ಮದುವೆಯ ದಿನದಿಂದಲೂ ಅವನ ಮೇಲೆ ಪ್ರಯೋಗಿಸುತ್ತಾ ಬಂದಿದ್ದರು. ಅವನು ಹತ್ತು ನಿಮಿಷ ಎಂದು ಹೇಳಿ ಕಾಲು ಗಂಟೆ ಮಾಡಿದರೂ ಅದೇ ಗಾದೆ, ಕಾಫಿ ಬೇಡ, ಟೀ ಕೊಡಿ ಎಂದರೂ ಅದೇ ಗಾದೆ. ಮಗಳು ಹೋದ ಮೇಲೆ ಆ ಗಾದೆ ಅವರ ಬಾಯಿಗೆ ಬಂದಿರಲಿಲ್ಲ. ಮಗಳೇ ಇಲ್ಲದ ಮೇಲೆ ಇವನು ಯಾರು, ತಾನು ಯಾರು ಎಂಬುದು ಅವರಿಗೂ ಸರಿಯಾಗಿ ಗೊತ್ತಿದ್ದಂತೆ ಕಾಣಲಿಲ್ಲ. 'ಊಟಕ್ಕೆ ಬನ್ನಿ', 'ಬಂದೆ ಅತ್ತೆ', 'ಬಾಗಿಲು ಹಾಕ್ಕೊಳ್ಳಿ', 'ಹ್ಞೂಂ'. ದಿನದ ಮಾತು ಅಷ್ಟಕ್ಕೆ ಮುಗಿಯುತ್ತಿತ್ತು.

ಹೆಂಡತಿ ಬಿಟ್ಟುಹೋದದ್ದೆಂದರೆ ನಡುಮನೆಯ ಕಿಟಕಿಯಲ್ಲಿ ಮೂವತ್ತು ಕುಂಡ. ಎಲ್ಲವೂ ಸಕ್ಯುಲೆಂಟ್ ಜಾತಿಯವು, ದಪ್ಪ ಎಲೆಯೊಳಗೆ ನೀರು ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಯಾರ ಹಂಗೂ ಇಲ್ಲದೆ ಬದುಕುವ ಗಿಡಗಳು. ಪ್ರತಿ ಕುಂಡಕ್ಕೂ ಔಷಧದ ಚೀಟಿ. 'ಹದಿನೈದು ದಿನಕ್ಕೊಮ್ಮೆ, ಬುಡಕ್ಕೆ ಮಾತ್ರ'. 'ಇದಕ್ಕೆ ಬಿಸಿಲು ಆಗುವುದಿಲ್ಲ, ನನ್ನ ಹಾಗೆ'. ಬಚ್ಚಲಿನ ಸಣ್ಣ ಕಿಟಕಿಯ ಮೇಲೂ ಒಂದು ಚೀಟಿ ಇತ್ತು: 'ಹೊಸಬರಿಗೆ ಮಾತ್ರ. ಇಪ್ಪತ್ತು ದಿನ. ಮುಲಾಜಿಲ್ಲ'. ಯಾವ ಹೊಸ ಗಿಡ ಬಂದರೂ ಮೊದಲು ಅಲ್ಲಿ ಒಂಟಿಯಾಗಿ ಇರಬೇಕು, ಹುಳ ಇಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಪ್ರವೇಶ.

ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ತಟ್ಟೆಯಷ್ಟಗಲ ಅರಳಿದ ಒಂದು ಗಿಡ. ಎಲೆ ಹಸಿರೇ ಆದರೂ ಮೇಲೆ ತೆಳ್ಳಗೆ ಬಿಳಿ ಹಿಟ್ಟು ಹರಡಿಕೊಂಡು ಬೂದುಬಣ್ಣಕ್ಕೆ ಕಾಣುತ್ತಿತ್ತು. ಅವಳು ಅದಕ್ಕೆ ಬೂದುಗುಂಬಳ ಎಂದು ಹೆಸರಿಟ್ಟಿದ್ದಳು. ಆ ಹಿಟ್ಟು ಗಿಡ ತಾನೇ ಹೊದ್ದುಕೊಳ್ಳುವ ಹೊದಿಕೆ, ಬಿಸಿಲಿನಿಂದ ಕಾಯುತ್ತದೆ. ಒಮ್ಮೆ ಬೆರಳು ತಾಗಿ ಅಳಿಸಿತೋ, ಆ ಎಲೆಯ ಮೇಲೆ ಮತ್ತೆ ಬರುವುದಿಲ್ಲ, ಬೆರಳಿನ ಗುರುತು ಎಲೆ ಇರುವವರೆಗೂ ಇರುತ್ತದೆ. ಮನೆಗೆ ಬಂದವರು ಯಾರಾದರೂ ಕೈ ಚಾಚಿದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ, ಸಿಕ್ಕಿಬೀಳ್ತೀರಿ ನೋಡಿ ಎಂದು ನಗುತ್ತಿದ್ದಳು. ಆ ಕುಂಡದ ಚೀಟಿಯಲ್ಲಿ ಇದ್ದದ್ದು ಎರಡೇ ಮಾತು: 'ಹಿಟ್ಟು ಮುಟ್ಟಬಾರದು'.

ಅವಳು ಹೋದ ಎರಡನೇ ವಾರ, ಬುಡಕ್ಕೆ ನೀರು ಹಾಕುವಾಗ, ಕೆಳಸುತ್ತಿನ ಒಂದು ಎಲೆಯ ಮೇಲೆ ಹೆಬ್ಬೆಟ್ಟಿನ ಗುರುತು ಅವನ ಕಣ್ಣಿಗೆ ಬಿತ್ತು. ಆ ಗಿಡಗಳನ್ನು ಅವಳಲ್ಲದೆ ಬೇರೆ ಯಾರು ನೋಡಿಕೊಳ್ಳುತ್ತಿದ್ದರು? ಅವನು ಒಂದು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದ. ಆಮೇಲೆ ದಿನವೂ ಅಂಗಡಿಗೆ ಹೊರಡುವ ಮುಂಚೆ ಅದೇ ಜಾಗದಲ್ಲಿ, ಅಷ್ಟೇ ದೂರದಲ್ಲಿ ನಿಂತು ನೋಡಿ ಹೋಗುತ್ತಿದ್ದ. ಕೂದಲೆಳೆಯಂಥ ಸ್ಪ್ರಿಂಗನ್ನು ಭೂತಗನ್ನಡಿಯಲ್ಲಿ ನೋಡಿ ಸರಿಮಾಡುವ ಮನುಷ್ಯ ಇದನ್ನು ಮಾತ್ರ ಹತ್ತಿರದಿಂದ ನೋಡಲಿಲ್ಲ. ಹತ್ತಿರ ಹೋದರೆ ಬೆರಳು ಹೋಗಿ ಬರೀ ಕಲೆಯಾಗಿಬಿಟ್ಟರೆ ಎಂಬ ಹೆದರಿಕೆ ಇತ್ತೋ ಏನೋ. ಅದನ್ನು ನೋಡುವಾಗಲೂ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಮರೆತು ಹೊರಟರೆ ಬೀದಿಯ ಅರ್ಧದಿಂದ ವಾಪಸು ಬಂದು ನೋಡಿ ಹೋಗುತ್ತಿದ್ದ.

ಅದೇ ತಿಂಗಳು ಔಷಧದಂಗಡಿಯವರು ನಾಲ್ವರು ಮನೆಗೆ ಬಂದು, ಅವಳ ನೆನಪಿಗೆ ಇರಲಿ ಎಂದು ಒಂದು ಪುಟ್ಟ ಗಿಡ ಕೊಟ್ಟರು. ಬಂದವರ ಎದುರಿಗೆ ಅದನ್ನು ಬಚ್ಚಲಿಗೆ ಒಯ್ಯುವುದು ಹೇಗೆ? ಕಿಟಕಿಯಲ್ಲಿ ಬೂದುಗುಂಬಳದ ಮಗ್ಗುಲಿಗೇ ಇಟ್ಟ. ಅವರು ಕಣ್ಣೊರೆಸಿಕೊಂಡರು. ಅವನು ಅವರಿಗೆ ನೀರು ತಂದುಕೊಟ್ಟ. ಅವಳಿದ್ದಿದ್ದರೆ ಮುಲಾಜಿಲ್ಲದೆ ಬಚ್ಚಲಿಗೆ ಕಳಿಸುತ್ತಿದ್ದಳು, ಗಿಡವನ್ನೂ, ಬಹುಶಃ ಗಂಡನನ್ನೂ.

ಎರಡು ಮೂರು ತಿಂಗಳಲ್ಲಿ ಬೂದುಗುಂಬಳದ ಎಲೆಗಳ ಸಂದಿಯಲ್ಲಿ ಬಿಳಿ ಹೆಚ್ಚಾಯಿತು. ಮೊದಲು ಪುಡಿಯ ಹಾಗೆ, ಆಮೇಲೆ ಹತ್ತಿಯ ಎಳೆಯ ಹಾಗೆ. ಅವನು ಚೀಟಿ ಓದಿದ. ಹಿಟ್ಟು ಮುಟ್ಟಬಾರದು. ಮುಟ್ಟಲಿಲ್ಲ. ಪಕ್ಕದ ಕುಂಡಗಳಲ್ಲೂ ಅದೇ ಬಿಳಿ ಬಂತು. ಅವಕ್ಕೂ ಹಿಟ್ಟು ಬರುವ ಕಾಲವಿರಬೇಕು ಎಂದುಕೊಂಡ. ವೈದ್ಯರು ಹೇಳಿದ್ದನ್ನು ಮರುಮಾತಿಲ್ಲದೆ ಪಾಲಿಸುವ ರೋಗಿಯ ಹಾಗೆ ಸತ್ತವಳ ಮಾತನ್ನು ಪಾಲಿಸುತ್ತಾ ಹೋದ.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಕಿಟಕಿಯ ಹತ್ತಿರ ನಿಂತರು. ಮಗಳು ಹೋದ ಮೇಲೆ ಅವರು ಆ ಕಡೆ ಸುಳಿದಿರಲಿಲ್ಲ.

"ಇರುವೆ ಸಾಲು ಹಿಡಿದಿದೆ," ಅಂದರು.

"ಇರ್ಲಿ ಬಿಡಿ ಅತ್ತೆ. ಅವು ಏನೂ ಮಾಡಲ್ಲ."

"ಇರುವೆ ಪುಕ್ಕಟೆ ಎಲ್ಲಿಗೂ ಹೋಗಲ್ಲ. ಏನೋ ಸಿಗ್ತಿದೆ ಅದಕ್ಕೆ." ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ, ಎರಡು ಬೆರಳು ಕೂಡಿಸಿ ಬಿಡಿಸಿ ನೋಡಿದರು. "ಅಂಟು. ಇದೇನು, ಗಿಡದ ತುಂಬಾ ಹತ್ತಿ?"

"ಹಿಟ್ಟು. ಅದರದ್ದೇ ಹಿಟ್ಟು. ಮುಟ್ಟಬಾರದು ಅಂತ ಬರೆದಿದ್ದಾಳೆ."

ಅತ್ತೆ ಚೀಟಿ ನೋಡಿದರು, ಅಳಿಯನನ್ನು ನೋಡಿದರು. "ಅವಳು ಬರೆದದ್ದು ಗಿಡದ ಹಿಟ್ಟಿಗೆ. ಇದು ಹಿಟ್ಟು ತಿಗಣೆ. ಹುಳ. ಗಿಡದ ರಸ ಹೀರಿ ಸಿಹಿ ಉಗುಳುತ್ತೆ, ಆ ಸಿಹಿಗೆ ಇರುವೆ ಬರುತ್ತೆ. ದನ ಕಾಯೋ ಹಾಗೆ ಕಾಯ್ತವೆ ಇರುವೆಗಳು ಇವನ್ನ. ನೀವೂ ಅದನ್ನೇ ಮಾಡಿದೀರಿ."

ಅವನು ಬೀದಿಯ ಮೂಲೆಯ ತನ್ನ ಅಂಗಡಿಗೆ ಹೋಗಿ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ತಂದ. ಅತ್ತೆ ತೋರಿಸಿದ ಎಲೆಯ ಸಂದಿಗೆ ಬಗ್ಗಿದ. ಗಾಜಿನೊಳಗೆ ಒಂದು ಹಿಟ್ಟಿನ ಕಣ ಕಾಲು ಮೂಡಿಸಿಕೊಂಡು ಮೆಲ್ಲಗೆ ನಡೆಯಿತು. ಅದರ ಹಿಂದೆ ಇನ್ನೊಂದು. ಹತ್ತಿಯೊಳಗೆ ಹಳದಿ ಮೊಟ್ಟೆಗಳು ಒತ್ತೊತ್ತಾಗಿ ಕೂತಿದ್ದವು. ತಿಂಗಳುಗಟ್ಟಲೆ ಹಾವಿಗೆ ಹಾಲೆರೆದಿದ್ದ. ಅಯ್ಯೋ ಎನ್ನಿಸಬೇಕಿತ್ತು. ಅನ್ನಿಸಲಿಲ್ಲ. ಗಡಿಯಾರ ಬಿಚ್ಚಿ ಒಳಗೆ ತುಕ್ಕು ಕಂಡಾಗ ನೋಡುವ ಹಾಗೆ ನೋಡಿ, ಭೂತಗನ್ನಡಿ ತೆಗೆದು, ಏನು ಮಾಡಬೇಕು ಎಂದು ಕೇಳಿದ.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ಳೋ ಕಾಲ ಬಂದಿದೆ," ಎಂದರು ಅತ್ತೆ. "ಮೊದಲು ಹುಳ ಬಿದ್ದದ್ದನ್ನ ಬೇರೆ ಮಾಡೋಣ. ಉಗ್ರಾಣ ಆದ್ರೂ ಅಷ್ಟೆ, ಕಿಟಕಿ ಆದ್ರೂ ಅಷ್ಟೆ."

ಉಡುಗೊರೆಯ ಗಿಡ ಬುಡದವರೆಗೂ ಕೊಳೆತಿತ್ತು. ಅದನ್ನು ಮಣ್ಣು ಸಮೇತ ಚೀಲದಲ್ಲಿ ಕಟ್ಟಿ ಹೊರಗೆ ಹಾಕಿದರು. ಹುಳವಿದ್ದ ಎಂಟು ಕುಂಡ ಬಚ್ಚಲ ಕಿಟಕಿಗೂ ಅದರ ಕೆಳಗಿನ ಮಣೆಗೂ ಹೋದವು. ಉಳಿದವನ್ನು ಒಂದೊಂದಾಗಿ ತಿರುಗಿಸಿ, ಎಲೆ ಅಡಿ ನೋಡಿ, ಒಣಗಿದ ಕೆಳಎಲೆ ಕಿತ್ತು ಸ್ವಚ್ಛ ಮಾಡಿದರು. ಹುಳ ಅಡಗುವುದೇ ಆ ಒಣಎಲೆಯ ಕೆಳಗೆ. ಹೆಂಡತಿಯ ಔಷಧದ ಪೆಟ್ಟಿಗೆಯಲ್ಲಿ ಸ್ಪಿರಿಟ್ ಸಿಕ್ಕಿತು, ಮೇಲೆ ಚೀಟಿ: 'ಹೊರಗೆ ಹಚ್ಚಲು ಮಾತ್ರ'. ಗಡಿಯಾರದ ಚಕ್ರ ಉಜ್ಜುವ ಸಣ್ಣ ಕುಂಚವನ್ನು ಅದರಲ್ಲಿ ಅದ್ದಿ ಹುಳದ ಮೇಲಿಟ್ಟರೆ ಬಿಳಿ ಕರಗಿ ಒಳಗಿನ ಕಂದು ಮೈ ಕಾಣುತ್ತಿತ್ತು, ಅದು ಮತ್ತೆ ನಡೆಯುತ್ತಿರಲಿಲ್ಲ. ಎಲೆ ನಯವಾಗಿದ್ದ ಗಿಡಗಳಿಗೆ ಸೋಪಿನ ನೀರು. ಬೂದುಗುಂಬಳಕ್ಕೆ ಮಾತ್ರ ಸೋಪೂ ಆಗದು, ಎಲೆ ಮೇಲೆ ಸ್ಪಿರಿಟ್ ಹರಿಯುವಂತೆಯೂ ಇಲ್ಲ, ಅದರ ಸ್ವಂತ ಹಿಟ್ಟು ತೊಳೆದುಹೋಗುತ್ತದೆ. ಒಂದೊಂದೇ ಹುಳ, ಒಂದೊಂದೇ ಹನಿ. ಕುಂಡದಿಂದ ಎತ್ತಿ ನೋಡಿದರೆ ಬೇರಿಗೂ ಹತ್ತಿಕೊಂಡಿತ್ತು. ಬೇರು ತೊಳೆದು, ಒಣಗಿಸಿ, ಹೊಸ ಮಣ್ಣಿಗೆ ಹಾಕಿ, ವಾರದವರೆಗೆ ನೀರು ಹಾಕಬಾರದು ಎಂದು ಇಬ್ಬರೂ ಒಪ್ಪಿದರು. ಇರುವೆ ಹತ್ತದ ಹಾಗೆ ತಟ್ಟೆಯಲ್ಲಿ ನೀರು, ನೀರಿನ ನಡುವೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಕುಂಡ.

ಅತ್ತೆ ಸ್ಪಿರಿಟ್ ಬಟ್ಟಲು ಹಿಡಿಯುವರು, ಅವನು ಕುಂಚ ಹಿಡಿಯುವನು. ಏಳು ತಿಂಗಳಲ್ಲಿ ಅವರಿಬ್ಬರೂ ಇಷ್ಟು ಹತ್ತಿರ ಇಷ್ಟು ಹೊತ್ತು ಕೂತದ್ದು ಅದೇ ಮೊದಲು. ಹುಳದ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ.

ಮೊಟ್ಟೆ ಒಡೆಯುತ್ತಲೇ ಇರುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಇದೇ ಪೂಜೆ. ಎರಡನೇ ಭಾನುವಾರ ಹುಳ ಕಡಿಮೆಯಾಗಿತ್ತು. ಮೂರನೇ ಭಾನುವಾರಕ್ಕೆ ಮತ್ತೆ ಮೊದಲಿನಷ್ಟೇ. ಗುಣವಾಯಿತೆಂದು ಕಿಟಕಿಗೆ ಮರಳಿಸಿದ್ದ ಎರಡು ಗಿಡಗಳಿಗೂ ಬಂದಿತ್ತು. ಅದರಲ್ಲೊಂದು, ಬೆಣಚುಕಲ್ಲಿನ ಹಾಗೆ ಕಾಣುವ ಎರಡೇ ಎಲೆಯ ಪುಟ್ಟ ಗಿಡ, ಬುಧವಾರದ ಹೊತ್ತಿಗೆ ಮೆತ್ತಗಾಗಿ ಕುಸಿದುಹೋಯಿತು. ಅದರ ಚೀಟಿ ಓದಲು ಅವನಿಗೆ ಮನಸ್ಸಾಗಲಿಲ್ಲ. ಚೀಟಿಯನ್ನು ಬಿಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದ.

ಎಲ್ಲಿಂದ ಬರುತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಹೆಬ್ಬೆಟ್ಟಿನ ಗುರುತಿದ್ದ ಎಲೆಯ ಬುಡ ಕಾಂಡಕ್ಕೆ ಒತ್ತಿಕೊಂಡು ಕೂತಿತ್ತು, ಆ ಸಂದಿಯೊಳಗೆ ಕುಂಚ ಹೋಗುತ್ತಿರಲಿಲ್ಲ. ಎಲೆಯನ್ನು ಬಗ್ಗಿಸಿದರೆ ಗುರುತು ಅಳಿಸೀತು, ಸ್ಪಿರಿಟ್ ಬಿಟ್ಟರೆ ತೊಳೆದು ಹೋದೀತು. ಎಲ್ಲ ಕಡೆ ಉಜ್ಜಿ ಅಲ್ಲಿಗೆ ಬಂದಾಗ ಅವನ ಕುಂಚ ದಾರಿ ಬದಲಿಸಿಬಿಡುತ್ತಿತ್ತು. ಆ ಎಲೆ ಉಳಿದರೆ ಅವಳ ಗಿಡಗಳು ಒಂದೊಂದಾಗಿ ಹೋಗುತ್ತವೆ. ಗಿಡಗಳು ಉಳಿಯಬೇಕೆಂದರೆ ಅವಳ ಬೆರಳು ಹೋಗಬೇಕು. ಲೆಕ್ಕ ಸರಳವಾಗಿತ್ತು, ಅವನಿಗೆ ಮಾಡಲು ಆಗುತ್ತಿರಲಿಲ್ಲ.

ನಾಲ್ಕನೇ ಭಾನುವಾರ, ಬೂದುಗುಂಬಳವನ್ನು ನಡುಮನೆಯ ಕಿಟಕಿಯ ಬೆಳಕಿಗೆ ತಂದಿಟ್ಟುಕೊಂಡು ಉಜ್ಜುತ್ತಿದ್ದಾಗ, ಅತ್ತೆ ಬಟ್ಟಲು ಕೆಳಗಿಟ್ಟರು.

"ಆ ಎಲೆ ಕೀಳಿ."

"ಬೇರೆದೆಲ್ಲ ಇನ್ನೊಂದು ಸಲ ನೋಡ್ತೀನಿ ಅತ್ತೆ."

"ಎಲ್ಲ ನೋಡಾಯ್ತು. ಮೂರು ವಾರದಿಂದ ನೋಡ್ತಿದೀನಿ, ನೀವು ಅದೊಂದನ್ನ ಬಿಟ್ಟು ಊರೆಲ್ಲ ಸುತ್ತಿ ಬರ್ತೀರಿ. ಯಾಕೆ?"

ಯಾರಿಗೂ ಹೇಳದ್ದನ್ನು ಅವನು ಯಾರೋ ಗಂಟೆ ಎಷ್ಟು ಎಂದು ಕೇಳಿದಾಗ ಹೇಳುವ ದನಿಯಲ್ಲಿ ಹೇಳಿದ. "ಅದರ ಮೇಲೆ ಅವಳ ಹೆಬ್ಬೆರಳಿದೆ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ತುಂಬಾ ಹೊತ್ತು ಬಗ್ಗಿಯೇ ಇದ್ದರು. ನಿಟ್ಟುಸಿರು ಬಿಡುತ್ತಾರೆ, ಅಳುತ್ತಾರೆ, ಬೇಡ ಬಿಡಿ ಎನ್ನುತ್ತಾರೆ ಎಂದು ಅವನು ಕಾದ. ಅವರು ತಲೆಯೆತ್ತಿದಾಗ ಮುಖದಲ್ಲಿ ಬರೀ ಆಶ್ಚರ್ಯವಿತ್ತು.

"ಅವಳು ಇವನ್ನ ಬೆರಳಲ್ಲಿ ಮುಟ್ತಾನೇ ಇರಲಿಲ್ವಲ್ಲ," ಅಂದರು. "ಮಾತ್ರೆ ಎಣಿಸೋ ಚಪ್ಪಟೆ ಕಡ್ಡಿ ಇರಲಿಲ್ವಾ, ಅದರಲ್ಲೇ ಎಲೆ ಎತ್ತಿ ನೋಡ್ತಿದ್ಲು. ಇದು ನಿಮ್ದು."

"ನಂದಾ?"

"ಕಿಟಕಿಗೆ ಬಣ್ಣ ಹೊಡೆಸಿದ ದಿನ. ಕುಂಡ ಬೀಳುತ್ತೆ ಅಂತ ಗಬಕ್ಕನೆ ಹಿಡ್ಕೊಂಡ್ರಿ, ಎಲೆ ಸಮೇತ. ಅವಳು ಕುಂಬಳಕಾಯಿ ಕಳ್ಳ, ಕುಂಬಳಕಾಯಿ ಕಳ್ಳ ಅಂತ ದಿನವೆಲ್ಲ ನಕ್ಕಿದ್ದೇ ನಕ್ಕಿದ್ದು. ನೆನಪಿಲ್ವಾ? ಮಾರನೇ ದಿನವೇ ಈ ಚೀಟಿ ಬಂದದ್ದು. ನಿಮಗೇ ಬರೆದದ್ದು ಅದು."

ಅವನು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ. ಏಳು ತಿಂಗಳು ಒಂದು ಹೆಜ್ಜೆ ದೂರದಿಂದ ನೋಡಿದ್ದರ ಹತ್ತಿರಕ್ಕೆ ಬಗ್ಗಿದ. ಸುರುಳಿ ಗೆರೆಗಳು ಬಿಳಿಯ ಮೇಲೆ ಸ್ಪಷ್ಟವಾಗಿ ಮೂಡಿದ್ದವು. ಅವುಗಳನ್ನು ಕತ್ತರಿಸಿಕೊಂಡು ಒಂದು ಓರೆಗೆರೆ ಹೋಗಿತ್ತು. ಅವನು ತನ್ನ ಬಲಗೈ ಹೆಬ್ಬೆರಳನ್ನು ಎಲೆಯ ಪಕ್ಕದಲ್ಲಿ ಹಿಡಿದ. ಕೆಲಸ ಕಲಿಯುವ ದಿನಗಳಲ್ಲಿ ಸ್ಪ್ರಿಂಗ್ ಸಿಡಿದು ಕೊಯ್ದ ಗಾಯದ ಗುರುತು ಅದೇ ಓರೆಯಲ್ಲಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ಅಲ್ಲಿತ್ತು.

"ಎಲೆ ಕೆಟ್ಟೋಯ್ತಲ್ಲೇ, ಕಿತ್ತಾಕು ಅಂದೆ ನಾನು," ಅತ್ತೆ ಹೇಳುತ್ತಿದ್ದರು. "ಇರ್ಲಿ ಬಿಡಮ್ಮ, ಅವರ ಗುರುತು ಅಂದ್ಲು. ಸುತ್ತ ಇದ್ದ ಎಲೆ ಒಣಗಿದಾಗೆಲ್ಲ ಕಿತ್ತಳು, ಇದೊಂದಕ್ಕೆ ಮಾತ್ರ ಏನೂ ಆಗದ ಹಾಗೆ ನೋಡ್ಕೊಂಡ್ಲು. ಒಂದೊಂದು ಸಲ ಕಾಫಿ ಲೋಟ ಹಿಡ್ಕೊಂಡು ಇಲ್ಲೇ ನಿಂತಿರ್ತಿದ್ಲು."

ಅವಳು ನಿಲ್ಲುತ್ತಿದ್ದ ಜಾಗವನ್ನು ಅತ್ತೆ ಕೈ ಮಾಡಿ ತೋರಿಸಿದರು. ಅವನು ದಿನವೂ ನಿಲ್ಲುತ್ತಿದ್ದ ಜಾಗವೇ.

ಅವನು ಗಿಡವನ್ನು ಕುಂಡ ಸಮೇತ ಎತ್ತಿ ಎಡಹೆಗಲಿಗೆ ಆನಿಸಿಕೊಂಡು, ಬಲಗೈಯಲ್ಲಿ ಆ ಎಲೆ ಹಿಡಿದ. ಗುರುತಿನ ಮೇಲೆ ಹೆಬ್ಬೆರಳು ಸರಿಯಾಗಿ ಕೂತಿತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ಅಲುಗಿಸಿದ. ಎಲೆ ಬುಡದಿಂದ ಬಿಟ್ಟುಕೊಂಡಿತು. ಅದು ಇದ್ದ ಜಾಗದಲ್ಲಿ ಹುಳ ಮುದ್ದೆಯಾಗಿ ಕೂತಿದ್ದವು. ಅತ್ತೆಯೇ ಕುಂಚ ತೆಗೆದುಕೊಂಡು, ಒಂದನ್ನೂ ಬಿಡದೆ, ಉಗ್ರಾಣದ ಹೆಂಗಸಿನ ಕಟ್ಟುನಿಟ್ಟಿನಲ್ಲಿ ಸ್ಪಿರಿಟ್ ಮುಟ್ಟಿಸಿದರು. ಅವನು ಕೈಯಲ್ಲಿದ್ದ ಎಲೆಯನ್ನು ಸ್ಪಿರಿಟ್ ಬಟ್ಟಲಿಗೆ ಬಿಟ್ಟ. ಬಿಳಿ ಕರಗಿತು. ಅಡಿಯಲ್ಲಿ ಒಂದು ಹಸಿರು ಎಲೆ ಉಳಿಯಿತು, ಯಾವ ಗುರುತೂ ಇಲ್ಲದ್ದು.

ಜೋಮು ಹಿಡಿದ ಕಾಲಿಗೆ ರಕ್ತ ಹರಿಯತೊಡಗಿದಾಗ ಮೊದಲು ಬರುವುದು ನೋವೇ. ಅವನ ಗಂಟಲಿಂದ ಒಂದು ಸದ್ದು ಬಂತು, ಅದು ತನ್ನದೆಂದು ಅವನಿಗೆ ಮೊದಲು ತಿಳಿಯಲಿಲ್ಲ. ಒಂದು ಕೈಯಲ್ಲಿ ಗಿಡ, ಇನ್ನೊಂದು ಕೈಯೆಲ್ಲ ಸ್ಪಿರಿಟ್, ಕಣ್ಣೊರೆಸಲು ಕೈಯಿಲ್ಲ. ಮುಖ ತಿರುಗಿಸಿ ಹೆಗಲಿಗೇ ಒರೆಸಿಕೊಂಡ. ಮತ್ತೆ ಬಂತು, ಮತ್ತೆ ಒರೆಸಿಕೊಂಡ. ಆಮೇಲೆ ಒರೆಸಿಕೊಳ್ಳುವುದನ್ನು ಬಿಟ್ಟ.

ಹದಿನೆಂಟು ವರ್ಷ ಅವನನ್ನು 'ನೀವು' ಎಂದೇ ಮಾತಾಡಿಸಿದ್ದ ಅತ್ತೆ ಗಿಡವನ್ನು ಅವನ ಕೈಯಿಂದ ತೆಗೆದುಕೊಂಡು ಕೆಳಗಿಟ್ಟರು.

"ಅತ್ತುಬಿಡು," ಅಂದರು. "ಏಳು ತಿಂಗಳಿಂದ ಕಾಯ್ತಿದೀನಿ. ಒಬ್ಬಳೇ ಅತ್ತು ಅತ್ತು ಸಾಕಾಗಿದೆ ನಂಗೆ."

ಅವನು ನೆಲದ ಮೇಲೆ ಕೂತು ಅತ್ತ. ಅವರೂ ಎದುರಿಗೆ ಕೂತರು. ಬಚ್ಚಲ ನಲ್ಲಿ ಹನಿಯುತ್ತಿತ್ತು. ತುಂಬಾ ಹೊತ್ತಾದ ಮೇಲೆ ಅತ್ತೆ ಮೂಗೊರೆಸಿಕೊಂಡು ಅವನ ಅಂಗಿಯ ಕಡೆ ನೋಡಿದರು, ಅವರ ತುಟಿಯ ಒಂದು ಕೊನೆ ಸ್ವಲ್ಪ ಅಲುಗಿತು.

"ಎಲ್ಲಿ, ಹೆಗಲು ಮುಟ್ಟಿ ನೋಡ್ಕೋ," ಅಂದರು.

ಅವನು ಮುಟ್ಟಿ ನೋಡಿಕೊಂಡ. ಹೆಗಲ ಮೇಲೆ ಹಿಟ್ಟಿತ್ತು.